ಮಾವನೊಡನೆ ಮಂಜೇಶ್ವರದವರೆಗೆ

ಬದಿಯಡ್ಕದಿಂದ ಕುಂಬಳೆಗೆ ಹೋಗುವ ಹಾದಿಯಲ್ಲಿ ನಾವು ಎಷ್ಟು ಸಲ ಓಡಾಡಿರುವೆವೋ ಲೆಕ್ಕವಿಟ್ಟವರಲ್ಲ. ನೀರ್ಚಾಲು, ಸೀತಾಂಗೋಳಿ, ನಾಯ್ಕಾಪು ಎಂದು ಬಸ್ಸಿನ ಕಂಡಕ್ಟರು ಕೂಗುವ ಮೊದಲೇ ಆ ಹೆಸರುಗಳು ನಮ್ಮ ನಾಲಗೆಗೆ ಬಂದಿರುತ್ತವೆ. ಇಂತಹ ಹಾದಿಯ ಮೇಲೆ ಪ್ರವಾಸಕಥನ ಬರೆಯಹೊರಟರೆ ವಾಚಕರು ನಕ್ಕಾರು. ಆದರೆ 2025ರ ಡಿಸೆಂಬರಿನಲ್ಲಿ ನಮ್ಮ ಸೋದರಮಾವನವರನ್ನು ಕರೆದುಕೊಂಡು ಇದೇ ಹಾದಿಯಲ್ಲಿ ನಾವು ಮಾಡಿದ ಒಂದು ದಿನದ ಪ್ರಯಾಣವು ಹಿಂದೆ ಮಾಡಿದ ಕಾಶೀಯಾತ್ರೆಗಿಂತಲೂ ಹೆಚ್ಚಿನ ಸಿದ್ಧತೆಯನ್ನು ಬೇಡಿತು. ಆ ದಿನದ ನೆನಪನ್ನು ಬರೆದಿಡಬೇಕೆನಿಸಿತು. ಏಕೆಂದರೆ ಮಾವನವರಿಗೆ ಅದರ ನೆನಪಿಲ್ಲ.

ಮಾವನವರಿಗೆ ಈಗ ಎಂಬತ್ತು. ಕನ್ನಡ ಶಾಲೆಯ ಉಪಾಧ್ಯಾಯರಾಗಿ ನಿವೃತ್ತರಾದವರು; ತಾಳಮದ್ದಳೆಯ ಕೂಟಗಳಲ್ಲಿ ಅರ್ಥ ಹೇಳುತ್ತಿದ್ದವರು. ಗಂಡುಮಕ್ಕಳಿಬ್ಬರೂ ದೂರದ ನಗರಗಳಲ್ಲಿದ್ದಾರೆ. ಅತ್ತೆ ತೀರಿಕೊಂಡು ಆರು ವರ್ಷಗಳಾದವು. ತೋಟದ ನಡುವಿನ ಹಳೆಯ ಮನೆಯನ್ನು ಬಿಟ್ಟು ಅವರು ಕದಲುವವರಲ್ಲ. ಒಮ್ಮೆ ಬೆಂಗಳೂರಿಗೆ ಒಯ್ದು ನೋಡಿದ್ದಾಯಿತು. ಆರನೆಯ ಮಹಡಿಯ ಮನೆಯಲ್ಲಿ ಮುಂಜಾನೆ ಎದ್ದು ಬಾವಿಯನ್ನು ಹುಡುಕುತ್ತಿದ್ದರಂತೆ. ಹದಿನೈದೇ ದಿನಗಳಲ್ಲಿ ಮರಳಿ ಕರೆತಂದರು. ನಮ್ಮ ಮನೆ ಅವರ ಮನೆಗೆ ಒಂದು ಫರ್ಲಾಂಗು ದೂರದಲ್ಲಿರುವುದರಿಂದ ಊರಿನಲ್ಲಿ ಅವರ ಹೊಣೆ ನಮ್ಮ ಮೇಲಿದೆ.

ಮೊದಮೊದಲು ಅದು ರೋಗವೆಂದು ನಮಗೆ ತೋರಲಿಲ್ಲ. ಅಂಗಡಿಯ ಬಾಕಿಯನ್ನು ಎರಡೆರಡು ಸಲ ಕೊಟ್ಟು ಬಂದರು; ಒಂದೇ ಮಾತನ್ನು ಗಂಟೆಗೆ ನಾಲ್ಕು ಬಾರಿ ಕೇಳಿದರು; ಒಂದು ಸಂಜೆ ನೀರ್ಚಾಲಿನಿಂದ ಮನೆಗೆ ಬರುವಲ್ಲಿ ಎಡಕ್ಕೆ ತಿರುಗುವ ಬದಲು ಬಲಕ್ಕೆ ತಿರುಗಿ ಯಾರದೋ ಅಂಗಳದಲ್ಲಿ ಕುಳಿತಿದ್ದರು. ಅರುವತ್ತಕ್ಕೆ ಅರಳುಮರಳು ಎಂಬ ಗಾದೆ ನಮ್ಮಲ್ಲಿದೆಯಷ್ಟೆ. ಆ ಗಾದೆ ಎಷ್ಟು ಮನೆಗಳಲ್ಲಿ ವೈದ್ಯರ ಬಳಿಗೆ ಹೋಗುವುದನ್ನು ತಡೆದಿದೆಯೋ ಏನೋ! ನಾವೂ ಅದನ್ನೇ ಹೇಳಿಕೊಂಡು ಎರಡು ವರ್ಷಗಳನ್ನು ಕಳೆದೆವು. ಕೊನೆಗೆ ಒಂದು ತಾಳಮದ್ದಳೆಯಲ್ಲಿ ಆಗಷ್ಟೇ ಹೇಳಿ ಮುಗಿಸಿದ ಅರ್ಥವನ್ನು ಅವರು ಪುನಃ ಮೊದಲಿನಿಂದ ಹೇಳತೊಡಗಿದಾಗ, ಭಾಗವತರು ಏನೂ ಆಗದವರಂತೆ ಮುಂದಿನ ಪದ್ಯವನ್ನೆತ್ತಿ ಮಾನ ಕಾಪಾಡಿದರು. ಆ ವಾರವೇ ಮಂಗಳೂರಿಗೆ ಹೋದೆವು.

ವೈದ್ಯರು ಥೈರಾಯಿಡಿನ ಮತ್ತು ಬಿ12 ಜೀವಸತ್ವದ ಪರೀಕ್ಷೆ ಮಾಡಿಸಿದರು. ಅವುಗಳ ಕೊರತೆಯಿಂದ, ಖಿನ್ನತೆಯಿಂದ, ತಲೆಗೆ ಬಿದ್ದ ಪೆಟ್ಟಿನಿಂದ ಕೂಡ ಮರೆವು ಬರಬಹುದೆಂದೂ ಅಂತಹ ಮರೆವು ಹಲವು ವೇಳೆ ಚಿಕಿತ್ಸೆಗೆ ಬಗ್ಗುವುದೆಂದೂ ಹೇಳಿದರು. ಮೆದುಳಿನ ಚಿತ್ರ ತೆಗೆಸಿದರು. ಬಳಿಕ ಒಂದು ಕಾಗದವನ್ನು ಕೊಟ್ಟು, ಗಡಿಯಾರವನ್ನು ಬರೆದು ಹನ್ನೊಂದು ಗಂಟೆ ಹತ್ತು ನಿಮಿಷವನ್ನು ತೋರಿಸುವಂತೆ ಕೇಳಿದರು. ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಗಡಿಯಾರ ಕಲಿಸಿದ ಮಾವನವರು ಸುಂದರವಾದ ವೃತ್ತವನ್ನು ಬರೆದು, ಹನ್ನೆರಡೂ ಅಂಕೆಗಳನ್ನು ಬಲಭಾಗದಲ್ಲಿಯೇ ತುಂಬಿಸಿ, ಮುಳ್ಳುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸೀಸಕಡ್ಡಿಯನ್ನು ಹಿಡಿದು ಕುಳಿತರು. ನಾವು ಕಿಟಕಿಯ ಹೊರಗೆ ನೋಡಿದೆವು.

ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ಮೊದಲು ವಿವರಿಸಿದ ರೋಗವಿದು. ಇನ್ನೂ ಆರಂಭದ ಹಂತ. ಮಾತ್ರೆಗಳು ಕೆಲವರಲ್ಲಿ ಲಕ್ಷಣಗಳನ್ನು ಕೆಲಕಾಲ ಹಗುರಮಾಡಬಹುದು, ಆದರೆ ಹೋದುದನ್ನು ಮರಳಿ ತರಲಾರವು. ನಮ್ಮ ದೇಶದಲ್ಲಿ ಅರುವತ್ತು ದಾಟಿದ ನೂರು ಮಂದಿಯಲ್ಲಿ ಏಳಕ್ಕಿಂತ ತುಸು ಹೆಚ್ಚು ಮಂದಿಗೆ, ಒಟ್ಟಿನಲ್ಲಿ ಸುಮಾರು 88 ಲಕ್ಷ ಮಂದಿಗೆ, ಇಂತಹ ಮರೆವಿನ ಕಾಯಿಲೆಗಳಿವೆಯೆಂದು 2023ರಲ್ಲಿ ಪ್ರಕಟವಾದ ಸಮೀಕ್ಷೆ ಅಂದಾಜು ಮಾಡಿದೆ. ಈ ರೋಗಿಗಳಿಗಾಗಿ ದುಡಿಯುವ ಅಲ್ಝೈಮರ್ಸ್ ಅಂಡ್ ರಿಲೇಟೆಡ್ ಡಿಸಾರ್ಡರ್ಸ್ ಸೊಸೈಟಿ ಆಫ್ ಇಂಡಿಯಾ 1992ರಲ್ಲಿ ಹುಟ್ಟಿದುದು ಕೇರಳದಲ್ಲಿಯೇ. ಇಷ್ಟೆಲ್ಲ ಹೇಳಿದ ಮೇಲೆ ವೈದ್ಯರು, "ಇವರಿಗೆ ಈಗ ಬೇಕಾದುದು ಶುಶ್ರೂಷೆಯಲ್ಲ, ಜೊತೆ. ಮಾತನಾಡಲು ಒಬ್ಬರು ಬೇಕು" ಎಂದರು.

ಮಾತನಾಡಲು ಒಬ್ಬರು. ಗಡಿನಾಡಿನ ನಮಗೆ ಈ ಮಾತಿನ ತೂಕ ಕೂಡಲೇ ತಿಳಿಯಲಿಲ್ಲ. ಮಕ್ಕಳು ಒಂದು ಸಂಸ್ಥೆಗೆ ಹಣ ಕಟ್ಟಿ ಹೋಮ್ ನರ್ಸ್ ಒಬ್ಬರನ್ನು ಗೊತ್ತುಮಾಡಿದರು. ಆಕೆ ತೆಂಕಣ ಜಿಲ್ಲೆಯವರು, ಒಳ್ಳೆಯವರು, ಶುಚಿಯವರು. ಆಕೆಯ ಮೇಲೆ ನಮ್ಮ ದೂರೇನೂ ಇಲ್ಲ. ಆದರೆ ಆಕೆಗೆ ಬರುತ್ತಿದ್ದುದು ಮಲಯಾಳಂ ಒಂದೇ. ಮಾವನವರಿಗೂ ಮಲಯಾಳಂ ಬರುತ್ತಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರುವಾಗ ಅವರು ಹನ್ನೊಂದರ ಹುಡುಗ. ಮನೆಯ ಮಾತು ಹವ್ಯಕ, ತೋಟದ ಮಾತು ತುಳು, ಶಾಲೆಯ ಮಾತು ಕನ್ನಡ. ಮಲಯಾಳಂ ಕಲಿತುದು ಕೆಲಸಕ್ಕೆ ಸೇರಿದ ಮೇಲೆ, ಇಲಾಖೆಯ ಸುತ್ತೋಲೆಗಳನ್ನು ಓದಿಕೊಳ್ಳುವುದಕ್ಕಾಗಿ. ಈ ರೋಗದಲ್ಲಿ ಕೊನೆಗೆ ಬಂದುದು ಮೊದಲು ಹೋಗುತ್ತದೆ. ಭಾಷೆಗಳ ವಿಷಯದಲ್ಲಿಯೂ ಬಹುಮಟ್ಟಿಗೆ ಹೀಗೆಯೇ ಆಗುವುದನ್ನು ಕಂಡಿದ್ದಾರೆ. "ಮರುನ್ನು ಕಳಿಚ್ಚೋ?" ಎಂದು ಆಕೆ ಕೇಳಿದರೆ, ಮದ್ದು ಸೇವಿಸಿದಿರೋ ಎಂಬ ಆ ಪ್ರಶ್ನೆಗೆ ಮಾವನವರು ಅಂಗೈ ಬಿಚ್ಚಿ ಮಾತ್ರೆಯನ್ನು ತೋರಿಸಿ, "ಕಳೆದಿಲ್ಲವಲ್ಲ, ಇಲ್ಲೇ ಇದೆ" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ನಗೆ ಹೆಚ್ಚು ದಿನ ಉಳಿಯಲಿಲ್ಲ. ಒಂದು ಮುಸ್ಸಂಜೆ ಅವರು ನಮ್ಮ ಕೈಹಿಡಿದು ಪಿಸುಮಾತಿನಲ್ಲಿ ಕೇಳಿದರು: "ಈ ಆಫೀಸಿನವರು ನನ್ನನ್ನು ಮನೆಗೆ ಬಿಡುವುದು ಯಾವಾಗ?" ಮಲಯಾಳಂ ಅವರ ಮಟ್ಟಿಗೆ ಜೀವಮಾನವಿಡೀ ಕಚೇರಿಯ ಭಾಷೆಯಾಗಿತ್ತು. ಅದನ್ನು ಹಗಲಿರುಳು ಕೇಳುತ್ತಾ ಕೇಳುತ್ತಾ, ತಾವು ಹುಟ್ಟಿದ ಮನೆಯ ಜಗಲಿಯೇ ಅವರಿಗೆ ಯಾವುದೋ ಕಚೇರಿಯ ವರಾಂಡವಾಗಿಬಿಟ್ಟಿತ್ತು.

ಬೇರೆಯವರನ್ನು ಹುಡುಕಿದೆವು. ಕೊನೆಗೆ ಸಿಕ್ಕಿದವನು ಬೇಲಿಯಾಚೆಯ ನೆರೆಯವನೇ. ಒಂದು ಕಾಲದಲ್ಲಿ ಮಾವನವರ ತೋಟದಲ್ಲಿ ಅಡಕೆ ಕೊಯ್ಯುತ್ತಿದ್ದವನು. ಈಗ ಅರುವತ್ತೈದರ ಹತ್ತಿರ ಬಂದು ಮರ ಹತ್ತುವುದನ್ನು ಬಿಟ್ಟವನು. ನಾಲ್ಕನೆಯ ತರಗತಿಯವರೆಗೆ ಮಾವನವರ ಕೈಯಲ್ಲಿಯೇ ಕಲಿತವನು. ತುಳುವಿನವನಾದರೂ ಕನ್ನಡ ನೀರು ಕುಡಿದಷ್ಟು ಸಲೀಸು. ಹೋಮ್ ನರ್ಸಿಗೆ ಕೊಡುತ್ತಿದ್ದ ಸಂಬಳವನ್ನೇ ಆತನಿಗೂ ಕೊಡಬೇಕೆಂದು ನಾವು ಮಕ್ಕಳೊಡನೆ ಹಟಹಿಡಿದೆವು. ನೆರೆಯವನೆಂದೊಡನೆ ಅರ್ಧ ಕೂಲಿಗೆ ಕರೆಯುವುದು ನಮ್ಮವರ ಹಳೆಯ ಚಾಳಿ.

ಆತ ಯಾವ ತರಬೇತಿಯನ್ನೂ ಪಡೆದವನಲ್ಲ. ಆದರೂ ಬೆಳಗ್ಗೆ ಎಂಟಕ್ಕೆ ಬಂದು, "ಮಾಷ್ಟ್ರೇ, ಪೇಪರು ಬಂತು, ಓದುವಿರಾ? ನನ್ನ ಕನ್ನಡಕ ಮನೆಯಲ್ಲೇ ಉಳಿಯಿತು" ಎನ್ನುತ್ತಾನೆ. ಆತನ ಕನ್ನಡಕ ದಿನವೂ ಮನೆಯಲ್ಲೇ ಉಳಿಯುತ್ತದೆ! ಒಣಗಿದ ಅಡಕೆಯ ಬುಟ್ಟಿಯನ್ನು ನಡುವೆ ಇಟ್ಟುಕೊಂಡು ಇಬ್ಬರೂ ಸುಲಿಯುತ್ತಾರೆ; ಮಾವನವರ ಕೈ ನಿಧಾನ, ಆದರೆ ಕೈಗೆ ಮರೆವಿಲ್ಲ. ಅವರು ಮಾಡಬಲ್ಲ ಕೆಲಸವನ್ನು ಆತ ತಾನು ಮಾಡುವುದಿಲ್ಲ. ಕನ್ನಡಕ, ಕೋಲು, ಸಂಚಿ ಇವುಗಳಿಗೆ ಒಂದೊಂದು ಮೊಳೆ. ಕೆರೆಯ ದಾರಿಗೆ ಗೇಟು. ಅಂಗಿಯ ಜೇಬಿನಲ್ಲಿ ಹೆಸರು, ವಿಳಾಸ, ನಮ್ಮ ಫೋನ್ ನಂಬರು ಬರೆದ ಚೀಟಿ. ಹೊತ್ತು ಮುಳುಗುವಾಗ ಮಾವನವರಿಗೆ ಏಕೋ ಚಡಪಡಿಕೆ. ಆಗ ಎಂದಿನ ಹಾದಿಯಲ್ಲೇ ಭಜನಾ ಮಂದಿರದವರೆಗೆ ನಡೆದು ಬರುವುದು. ರಾತ್ರಿಯ ಪಾಳಿ ನಮ್ಮದು.

ಪ್ರಯಾಣದ ಯೋಚನೆಯೂ ಆತನದೇ. "ಮಾಷ್ಟ್ರಿಗೆ ಮಧೂರು ತೋರಿಸಬೇಕು" ಎಂದ. ನಾವು ಉತ್ಸಾಹದಿಂದ ಮಧೂರು, ಅನಂತಪುರ, ಕುಂಬಳೆ, ಮಂಜೇಶ್ವರ, ಕೊನೆಗೆ ಕಣ್ವತೀರ್ಥದ ಸಮುದ್ರ ಎಂದು ಪಟ್ಟಿ ಹಾಕಿದೆವು. ಆತ ಪಟ್ಟಿಯನ್ನು ಕೇಳಿ, "ಅಷ್ಟು ಎಡೆಗೆ ನನಗೇ ತಲೆತಿರುಗೀತು" ಎಂದ. ಸಮುದ್ರವನ್ನು ಬಿಟ್ಟೆವು. ನೀರಿನ ಬಾಟಲಿ, ಮಾತ್ರೆ, ಒಂದು ಜೊತೆ ಬಟ್ಟೆ, ಬಾಳೆಹಣ್ಣು, ಮನೆಯ ಅವಲಕ್ಕಿ ಇಷ್ಟನ್ನು ಕಟ್ಟಿಕೊಂಡು, ಜನಸಂದಣಿಯಿಲ್ಲದ ಒಂದು ಬುಧವಾರ ಏಳು ಗಂಟೆಗೆ ಕಾರು ಹೊರಟಿತು. ಮಾವನವರು ಹತ್ತುವ ಮೊದಲು ನಮ್ಮನ್ನು ನೋಡಿ, "ಭಾವ, ನೀವು ಮುಂದೆ ಕೂತುಕೊಳ್ಳಿ" ಎಂದರು. ನಮಗೂ ನಮ್ಮ ತೀರ್ಥರೂಪರಿಗೂ ಮುಖಸಾಮ್ಯವಿದೆಯೆಂದು ಎಲ್ಲರೂ ಹೇಳುವುದುಂಟು. ತಂದೆಯವರು ತೀರಿಹೋಗಿ ಬಹಳ ಕಾಲವಾಯಿತು. ನಾವು ಭಾವನವರಾಗಿಯೇ ಮುಂದೆ ಕುಳಿತೆವು.

ಸೀತಾಂಗೋಳಿಯಿಂದ ಎಡಕ್ಕೆ ತಿರುಗಿ ಉಳಿಯತ್ತಡ್ಕದ ಮೇಲಾಗಿ ಮಧೂರು. ಮಧುವಾಹಿನಿಯ ದಡದಲ್ಲಿ ಆನೆಯ ಬೆನ್ನಿನಂತೆ ಬಾಗಿದ ಮೂರು ಅಂತಸ್ತಿನ ಗಜಪೃಷ್ಠ ಗುಡಿ ಬೆಳಗಿನ ಬಿಸಿಲಿಗೆ ಹೊಳೆಯುತ್ತಿತ್ತು. ಮೂಲದೇವರು ಮದನಂತೇಶ್ವರ, ಆದರೆ ಭಕ್ತರ ಬಾಯಲ್ಲಿ ಇದು ಗಣಪತಿಯ ಊರು. ಅರ್ಚಕರ ಹುಡುಗನೊಬ್ಬ ಆಟಕ್ಕೆಂದು ಗೋಡೆಯ ಮೇಲೆ ಬರೆದ ಗಣಪತಿಯೇ ಬೆಳೆದು ಬೊಡ್ಡಜ್ಜನಾದನೆಂಬ ಕಥೆಯನ್ನು ಮಾವನವರು ಕಾರಿನಿಂದ ಇಳಿಯುವ ಮೊದಲೇ ಹೇಳಿದರು, ಇಳಿದ ಮೇಲೆ ಹೇಳಿದರು, ಪ್ರದಕ್ಷಿಣೆಯಲ್ಲಿಯೂ ಹೇಳಿದರು. ಮೂರು ಸಲವೂ ನಮ್ಮ ಜೊತೆಗಾರ, "ಹೌದೇ ಮಾಷ್ಟ್ರೇ? ಮತ್ತೆ?" ಎಂದು ಕೇಳಿದ. ಆ ಸಹನೆ ನಮಗೆ ಎರಡನೆಯ ಸಲಕ್ಕೇ ತೀರಿತ್ತು.

33 ವರ್ಷಗಳ ಬಳಿಕ 2025ರ ವಸಂತದಲ್ಲಿ ಇಲ್ಲಿ ಮೂಡಪ್ಪ ಸೇವೆ ನಡೆದಿತ್ತು. ಆ ಜನಜಾತ್ರೆಗೆ ಮಾವನವರನ್ನು ಕರೆತರುವ ಧೈರ್ಯ ನಮಗಾಗಿರಲಿಲ್ಲ. ಆದರೆ 1992ರ ಸೇವೆಗೆ ಅವರು ಅತ್ತೆಯೊಡನೆ ಬಂದಿದ್ದರು. ಆ ದಿನ ಅತ್ತೆ ಉಟ್ಟಿದ್ದ ಸೀರೆಯ ಬಣ್ಣವನ್ನೂ ಹೇಳಿದರು. ಅಷ್ಟರಲ್ಲಿ ಪರಿಚಿತರೊಬ್ಬರು ಎದುರಾಗಿ, ಮಾವನವರ ಎದುರು ಬಗ್ಗಿ ನಿಂತು, "ಏನು ಮಾಷ್ಟ್ರೇ, ನಾನು ಯಾರು ಹೇಳಿ ನೋಡುವಾ?" ಎಂದರು. ಇಂತಹ ಪರೀಕ್ಷಕರು ನಮ್ಮ ಸಮಾಜದಲ್ಲಿ ಬಹಳ. ಮದುವೆಯ ಚಪ್ಪರಗಳಲ್ಲಿ, ಶ್ರಾದ್ಧದ ಪಂಕ್ತಿಗಳಲ್ಲಿ ವೃದ್ಧರನ್ನು ಹಿಡಿದು ನಿಲ್ಲಿಸಿ ಕೇಳುತ್ತಾರೆ. ಉತ್ತರ ಬಾರದಿದ್ದರೆ ಸುತ್ತಲಿನವರನ್ನು ನೋಡಿ ನಗುತ್ತಾರೆ. ತಮ್ಮ ಹೆಸರನ್ನು ತಾವೇ ಮೊದಲು ಹೇಳಿಬಿಟ್ಟರೆ ಇವರ ಗಂಟೇನು ಹೋಗುತ್ತದೆ? ಮಾವನವರ ಮುಖ ಬಾಡಿತು. ಜೊತೆಗಾರ ಹಿಂದಿನಿಂದ, ಅವರ ಹೆಸರನ್ನೂ ಊರನ್ನೂ ತಾನೇ ಮಾತನಾಡಿಸುವವನಂತೆ ಗಟ್ಟಿಯಾಗಿ ಹೇಳಿ ಕ್ಷೇಮ ವಿಚಾರಿಸಿದ. "ಅಪ್ಪು, ಅಪ್ಪು" ಎಂದು ಮಾವನವರು ಮನೆಮಾತಿನಲ್ಲಿ ತಲೆದೂಗಿದರು. ಅಪ್ಪದ ಪ್ರಸಾದ ತೆಗೆದುಕೊಂಡು ಹೊರಟೆವು. ಪೊಟ್ಟಣವನ್ನು ಅವರು ತಮ್ಮ ಸಂಚಿಯಲ್ಲಿಯೇ ಇರಿಸಿಕೊಂಡರು.

ಮರಳಿ ಸೀತಾಂಗೋಳಿಗೆ ಬಂದು, ನಾಯ್ಕಾಪಿನ ಬಳಿ ತಿರುಗಿ ಅನಂತಪುರಕ್ಕೆ ಹೋದೆವು. ಕೆಂಪು ಮುರಕಲ್ಲಿನ ಹಾಸಿನ ನಡುವೆ ಕೆರೆ, ಕೆರೆಯ ನಡುವೆ ಗುಡಿ. ತಿರುವನಂತಪುರದ ಪದ್ಮನಾಭನ ಮೂಲಸ್ಥಾನವಿದೆಂಬ ನಂಬಿಕೆ. ದೂರದಿಂದ ಬರುವವರು ನೋಡಬಯಸುತ್ತಿದ್ದುದು ದೇವರಿಗಿಂತ ಹೆಚ್ಚಾಗಿ ಬಬಿಯನನ್ನು, ಎಂದರೆ ನೈವೇದ್ಯದ ಅನ್ನವನ್ನು ತಿನ್ನುತ್ತಿದ್ದ ಕೆರೆಯ ಮೊಸಳೆಯನ್ನು. ಬಬಿಯ 2022ರ ಅಕ್ಟೋಬರಿನಲ್ಲಿ ಸತ್ತಿತು. ಆ ಸುದ್ದಿಯನ್ನು ಮಾವನವರೇ ಪತ್ರಿಕೆಯಲ್ಲಿ ಓದಿ ನಮಗೆ ಹೇಳಿದ್ದರು. ಈಗ ಮೆಟ್ಟಿಲ ಬಳಿ ನಿಂತು, ನೀರನ್ನು ದಿಟ್ಟಿಸಿ, "ಬಬಿಯ ಬರಲಿಲ್ಲವೋ?" ಎಂದರು.

ಏನು ಹೇಳಬೇಕು? ಸುಳ್ಳಾಡಬಾರದೆಂದು ನಮಗೆ ಕಲಿಸಿದವರೇ ಈ ಮಾವನವರು. ಅತ್ತೆಯ ವಿಷಯದಲ್ಲಿ ನಾವು ಆ ನಿಯಮವನ್ನು ಪಾಲಿಸಿ ಮಾಡಿದ ತಪ್ಪು ನಮ್ಮನ್ನು ಇನ್ನೂ ಕಾಡುತ್ತದೆ. ಒಂದು ರಾತ್ರಿ ಅವರು, "ಅವಳೆಲ್ಲಿ, ಇನ್ನೂ ಮಲಗಲು ಬರಲಿಲ್ಲವಲ್ಲ?" ಎಂದು ಮೂರನೆಯ ಸಲ ಕೇಳಿದಾಗ, "ಅತ್ತೆ ತೀರಿಕೊಂಡು ಆರು ವರ್ಷವಾಯಿತು ಮಾವ, ನಿಮಗೆ ನೆನಪಿಲ್ಲವೇ?" ಎಂದು ನೇರವಾಗಿ ಹೇಳಿಬಿಟ್ಟೆವು. ಅವರು ಆಗಷ್ಟೇ ಸುದ್ದಿ ಕೇಳಿದವರಂತೆ ಎದೆಗೆ ಕೈಯಿಟ್ಟು ಅತ್ತರು. ಮರುದಿನ ಆ ಅಳು ಅವರಿಗೆ ನೆನಪಿರಲಿಲ್ಲ, ಆದರೆ ಮಂಕು ಉಳಿದಿತ್ತು, ಪ್ರಶ್ನೆಯೂ ಉಳಿದಿತ್ತು. ಹೀಗೆ ಎಷ್ಟು ಸಲ ಒಬ್ಬ ಮನುಷ್ಯನಿಂದ ಸೂತಕವನ್ನು ಆಚರಿಸುವುದು? ಜೊತೆಗಾರನ ರೀತಿ ಬೇರೆ. ಮಾವನವರು ಅತ್ತೆಯನ್ನು ಕೇಳಿದರೆ ಆತ ಇದ್ದಾರೆಂದೂ ಹೇಳುವುದಿಲ್ಲ, ಇಲ್ಲವೆಂದೂ ಹೇಳುವುದಿಲ್ಲ. "ಅಮ್ಮನ ನೆನಪಾಯಿತೋ ಮಾಷ್ಟ್ರೇ? ಕೊಯ್ಲಿನ ದಿನ ನಮಗೆಲ್ಲ ಅವರು ಕೊಡುತ್ತಿದ್ದ ಬೆಲ್ಲದ ಪಾನಕ!" ಎನ್ನುತ್ತಾನೆ. ಮಾವನವರು ಪಾನಕಕ್ಕೆ ಎಷ್ಟು ಏಲಕ್ಕಿ ಬೀಳುತ್ತಿತ್ತೆಂದು ಹೇಳತೊಡಗುತ್ತಾರೆ. ಪ್ರಶ್ನೆ ಕರಗುತ್ತದೆ. ಇದು ಸತ್ಯವೋ ಸುಳ್ಳೋ, ಧರ್ಮಶಾಸ್ತ್ರ ಬಲ್ಲವರು ಹೇಳಲಿ.

ಬಬಿಯನ ವಿಷಯದಲ್ಲಿ ನಮಗೆ ಕೆರೆಯೇ ನೆರವಾಯಿತು. ಬಬಿಯ ಹೋದ ಒಂದು ವರ್ಷದ ಮೇಲೆ, 2023ರ ನವೆಂಬರಿನಲ್ಲಿ, ಇದೇ ಕೆರೆಯಲ್ಲಿ ಮತ್ತೊಂದು ಮೊಸಳೆ ಕಾಣಿಸಿಕೊಂಡಿದೆ. ಎಲ್ಲಿಂದ ಬಂತೆಂದು ಯಾರೂ ಬಲ್ಲವರಿಲ್ಲ. "ಮೊಸಳೆ ಒಳಗಿದೆ ಮಾವ, ಬಿಸಿಲೇರಿದ ಮೇಲೆ ಬಂದೀತು" ಎಂದೆವು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವರು ತೃಪ್ತರಾಗಿ ಮುರಕಲ್ಲಿನ ಮೇಲೆ ಕುಳಿತು ಅವಲಕ್ಕಿ ತಿಂದರು. ಮೊಸಳೆ ಬರಲಿಲ್ಲ.

ಕಷ್ಟ ಬಂದುದು ಕುಂಬಳೆಯಲ್ಲಿ. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಹೆದ್ದಾರಿಯನ್ನು ಆರು ಪಥಗಳಾಗಿ ಅಗಲಿಸಿದ್ದಾರಷ್ಟೆ. ಬೇಗ ಹೋಗಬೇಕೆಂಬವರಿಗೆ ಅದು ಉಪಕಾರವೇ. ನಾವೂ ಮಂಗಳೂರಿನ ಆಸ್ಪತ್ರೆಗೆ ಅದರ ಮೇಲೆಯೇ ಹೋಗುವವರು. ಆದರೆ ಎರಡು ಬದಿಯ ಕಾಂಕ್ರೀಟಿನ ಗೋಡೆಯ ನಡುವೆ ಕಾರು ಏರಿದೊಡನೆ ಮಾವನವರು ಕಂಗಾಲಾದರು. ಮರಗಳಿಲ್ಲ, ಹಳೆಯ ಅಂಗಡಿಸಾಲು ಕಾಣುವುದಿಲ್ಲ. "ಇದು ಯಾವ ದೇಶ? ನನ್ನನ್ನು ಎಲ್ಲಿಗೆ ಒಯ್ಯುತ್ತಿದ್ದೀರಿ? ಇಳಿಸಿ, ಇಳಿಸಿ!" ಎಂದು ಬಾಗಿಲಿಗೆ ಕೈಹಾಕಿದರು. "ಕುಂಬಳೆ ಮಾವ, ನಮ್ಮ ಕುಂಬಳೆ" ಎಂದು ನಾವು ಎಷ್ಟು ಹೇಳಿದರೂ ನಂಬಲಿಲ್ಲ. ನಮ್ಮ ದನಿ ಏರಿದಷ್ಟೂ ಅವರ ಭಯ ಏರಿತು. ವಾಸ್ತವವಾಗಿ ತಪ್ಪು ನಮ್ಮದೇ. ಒಳದಾರಿಯಲ್ಲಿ ಹೋಗಬೇಕೆಂದು ಜೊತೆಗಾರ ಮೊದಲೇ ಹೇಳಿದ್ದ. ಸರ್ವಿಸ್ ರಸ್ತೆಗೆ ಇಳಿದು, ಮರಳಿ ಪೇಟೆಗೆ ಬಂದು, ಕಣಿಪುರ ಗೋಪಾಲಕೃಷ್ಣ ದೇವಸ್ಥಾನದೆದುರು ಕಾರನ್ನು ನಿಲ್ಲಿಸಿದೆವು. ಮಾವನವರು ಗೋಪುರವನ್ನು ಬಹಳ ಹೊತ್ತು ನೋಡಿದರು. ಉಸಿರು ಹದಕ್ಕೆ ಬಂತು. "ಪಾರ್ತಿಸುಬ್ಬನ ಊರು" ಎಂದರು, ಮೆಲ್ಲನೆ.

ಯಕ್ಷಗಾನದ ರಾಮಾಯಣ ಪ್ರಸಂಗಗಳನ್ನು ನಮಗಿತ್ತ ಆ ಕವಿಯ ಹೆಸರು ನಾಲಗೆಗೆ ಬಂದುದೇ ತಡ, ಮುಂದಿನ ಅರ್ಧ ಗಂಟೆ ನಡೆದುದನ್ನು ನಾವು ಮರೆಯಲಾರೆವು. ಆರಿಕ್ಕಾಡಿಯ ಕೋಟೆ ಕಳೆಯಿತು, ಶಿರಿಯ ಹೊಳೆ ಕಳೆಯಿತು. ಹಿಂದಿನ ಸೀಟಿನಲ್ಲಿ ಮಾವನವರು ವಾಲಿಯಾಗಿದ್ದರು. ಮರದ ಮರೆಯಿಂದ ಬಾಣ ಬಿಟ್ಟ ರಾಮನನ್ನು, ನಾನು ನಿನಗೇನು ಅಪರಾಧ ಮಾಡಿದ್ದೆ ಎಂದು ಕೇಳುತ್ತಿದ್ದರು. ಒಂದು ಶಬ್ದ ತಡವರಿಸಲಿಲ್ಲ. ವಾಕ್ಯದಿಂದ ವಾಕ್ಯಕ್ಕೆ ಕ್ರಮ ತಪ್ಪಲಿಲ್ಲ. ಬೆಳಗ್ಗೆ ತಿಂದ ಅವಲಕ್ಕಿಯನ್ನು ಮರೆತ ಮನುಷ್ಯ! ಆದರೆ ತಾಳಮದ್ದಳೆಯಲ್ಲಿ ಒಬ್ಬನೇ ಅರ್ಥ ಹೇಳಲು ಬರುವುದಿಲ್ಲ, ಎದುರಿಗೆ ಒಬ್ಬ ಬೇಕು. ವಾಲಿ ಉತ್ತರಕ್ಕಾಗಿ ಕಾದು ನಿಂತಾಗ, ನಾಲ್ಕನೆಯ ತರಗತಿಯ ಆ ನಮ್ಮ ಜೊತೆಗಾರ ಗಂಟಲು ಸರಿಪಡಿಸಿಕೊಂಡು, ರಾತ್ರಿಯೆಲ್ಲ ಆಟ ನೋಡಿ ಕಿವಿಯಲ್ಲಿ ತುಂಬಿಕೊಂಡ ಕನ್ನಡದಲ್ಲಿ, "ತಮ್ಮನ ಸತಿಯನ್ನು ಅಪಹರಿಸಿದವನು ಧರ್ಮವನ್ನು ಕೇಳುವುದೇ?" ಎಂದ. ಮಾವನವರು ನೆಟ್ಟಗೆ ಕುಳಿತರು. ಉಪ್ಪಳ ಬಂದು ಹೋದದ್ದು ಯಾರಿಗೂ ತಿಳಿಯಲಿಲ್ಲ. ಅದುವರೆಗೆ ಆತನಿಗೆ ಅರ್ಥ ಹೇಳಲು ಬರುತ್ತದೆಂಬುದೂ ನಮಗೆ ತಿಳಿದಿರಲಿಲ್ಲ.

ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆಗೆ ಹೋದೆವು. 1883ರಲ್ಲಿ ಹುಟ್ಟಿ, 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿಯೆನಿಸಿ, 1963ರಲ್ಲಿ ಗತಿಸಿದ ಆ ಹಿರಿಯರ ನಿವಾಸ ಈಗ ಅವರ ಮೊದಲ ಕವನಸಂಗ್ರಹದ ಹೆಸರನ್ನೇ ಹೊತ್ತು ಗಿಳಿವಿಂಡು ಎಂಬ ಸ್ಮಾರಕವಾಗಿದೆ. ಹುಡುಗನಾಗಿದ್ದಾಗ ಶಾಲೆಯವರೊಡನೆ ಬಂದು ಪೈಗಳನ್ನು ಇದೇ ಜಗಲಿಯಲ್ಲಿ ಕಂಡೆನೆಂದು ಮಾವನವರು ಹೇಳಿದರು. ನಿಜವಿರಬಹುದು, ಎಲ್ಲೋ ಓದಿದುದು ಕಂಡುದಾಗಿ ಮಾರ್ಪಟ್ಟಿರಲೂಬಹುದು. ಹಿಂದೆ ಎಂದೂ ಅವರು ಅದನ್ನು ನಮಗೆ ಹೇಳಿರಲಿಲ್ಲ. ಬಿಸಿಲು ಬಲಿತಿತ್ತು, ಅವರ ಮುಖದಲ್ಲಿ ದಣಿವು ತೋರುತ್ತಿತ್ತು. ಒಳಗೆಲ್ಲ ನೋಡದೆಯೇ, ನೆರಳಿನಲ್ಲಿ ಸ್ವಲ್ಪ ಹೊತ್ತು ಕುಳಿತು ಮರಳಿದೆವು. ದಾರಿಯುದ್ದಕ್ಕೂ ಅವರು ಜೊತೆಗಾರನ ಹೆಗಲಿಗೊರಗಿ ನಿದ್ದೆಮಾಡಿದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಚಹಾ ಕುಡಿಯುತ್ತಾ ಮಾವನವರು ಸಂಚಿಯಲ್ಲಿ ಕೈಯಾಡಿಸಿ ಅಪ್ಪದ ಪೊಟ್ಟಣವನ್ನು ಹೊರತೆಗೆದರು. ಮೂಸಿ ನೋಡಿ, "ಮಧೂರಿನ ಅಪ್ಪ! ಯಾರು ಹೋಗಿದ್ದರು ಮಧೂರಿಗೆ?" ಎಂದು ಬೆರಗಾದರು. "ನಾವೆಲ್ಲ ಹೋಗಿದ್ದೆವು ಮಾವ" ಎಂದೆವು. "ಹಾಗೋ, ಒಳ್ಳೆಯದಾಯಿತು" ಎಂದು ಎಲೆಯ ಮೇಲೆ ಹರಡಿ ಪಾಲುಮಾಡಿದರು. ಭಾವನವರಿಗೆಂದು ನಮಗೊಂದು, ನಮ್ಮ ಮನೆಯವರಿಗೊಂದು, ಜೊತೆಗಾರನಿಗೊಂದು, ತಮಗೊಂದು. ಉಳಿದ ಒಂದನ್ನು ಮರಳಿ ಕಾಗದದಲ್ಲಿ ಮಡಚಿ, ಅಡುಗೆಮನೆಯ ಕಡೆಗೊಮ್ಮೆ ನೋಡಿ, "ಇದು ಅವಳಿಗೆ, ಕೆಲಸ ಮುಗಿಸಿ ಬರಲಿ" ಎಂದು ಗೂಡಿನಲ್ಲಿಟ್ಟರು. ನಾವು ಜೊತೆಗಾರನ ಮುಖ ನೋಡಿದೆವು. ಆತ ಗೂಡಿನ ಬಳಿಗೆ ಹೋಗಿ, ಇರುವೆ ಬಾರದಂತೆ ಪೊಟ್ಟಣವನ್ನು ಒಂದು ಡಬ್ಬಿಯೊಳಗಿಟ್ಟು, ಮುಚ್ಚಳ ಹಾಕಿ, ಮನೆಗೆ ಹೊರಟ.